ಗಡಿಗೆಯ ಒಳಮೈ

ಹೆಮ್ಮಿಗೆ
೧೯೦೮ನೇ ಇಸವಿ, ಫೆಬ್ರವರಿ ೧೧

ನನ್ನ ಹಡೆದವ್ವನಿಗೆ ಶಿವನಂಜಿಯ ಶರಣು.

ಈ ಕಾಗದವನ್ನು ಯಾರ ಕೈಯಲ್ಲೂ ಓದಿಸಬೇಡ. ನಾನು ಕಲಿಸಿದ ಅಕ್ಷರ ನಿನಗೆ ಸಾಕು. ತಡವರಿಸಿದರೂ ನೀನೇ ಓದು.

ನಿನ್ನ ಅವ್ವ, ಇಲ್ಲಿಗೆ ಬರುವವರೆಗೂ ನಾನು ಮುಖ ಕಾಣದಿದ್ದ ರಾಚಮ್ಮಜ್ಜಿ, ಗಟ್ಟಿಯಾಗಿದ್ದಾಳೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆದರೂ ದಿನಾ ಮಡಕೆ ತಟ್ಟುತ್ತಾಳೆ. ಒಳಗೆ ದುಂಡುಕಲ್ಲು, ಹೊರಗೆ ಮರದ ಹಲಗೆ. ದಪ್ಪನೆಯ ಹಸಿಮಣ್ಣು ನೋಡನೋಡುತ್ತಾ ಹಿಗ್ಗುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೂತೆ. ನಮ್ಮ ಕುಲದ ಈ ಕೆಲಸವನ್ನು ಹದಿನೇಳು ವರ್ಷ ನನಗೆ ತೋರಿಸದೆ ಇಟ್ಟಿರಲ್ಲ, ಮನಸ್ಸಾದರೂ ಹೇಗೆ ಬಂತು ನಿಮಗೆ?

ನಿನ್ನೆ ಅಟ್ಟದ ಹಳೇ ಮಡಕೆಗಳನ್ನು ಇಳಿಸಿದಳು. ಒಂದೊಂದರೊಳಗೂ ಕೈಯಿಟ್ಟು, ಕಲ್ಲು ಮೂಡಿಸಿದ ಗುಳಿ ಸವರಿ, ಇದು ನಮ್ಮತ್ತೇದು, ಇದು ಅವರತ್ತೇದು ಅಂದಳು. ನನ್ನ ಕೈಯನ್ನೂ ಒಳಗಿಡಿಸಿದಳು. ನಾನು ಹೆಸರೂ ಕೇಳದ ಹೆಂಗಸು ಒತ್ತಿದ ಜಾಗ ಬೆರಳಿಗೆ ಸಿಕ್ಕಿತು. ಅವ್ವಾ, ಮೈ ಜುಮ್ಮೆಂದಿತು. ಗುಡಿಯಲ್ಲೂ ನನಗೆ ಹಾಗಾಗಿಲ್ಲ.

ಆಮೇಲೆ ನಾನು ತಂದಿದ್ದ ಗಡಿಗೆಯ ಅವರೆಕಾಳನ್ನು ಮೊರಕ್ಕೆ ಸುರಿದು, ಗಡಿಗೆಯನ್ನು ಅವಳಿಗೆ ಕೊಟ್ಟೆ. ಅದೇ, ಸಂತೆಯಲ್ಲಿ ಕೊಂಡದ್ದು ಅಂತ ನೀನು ಹೇಳುತ್ತಿದ್ದೆಯಲ್ಲ, ಅದು. ಒಳಗೆ ಕೈಯಿಟ್ಟವಳು ಗುಳಿಗಳನ್ನು ಮತ್ತೆ ಮತ್ತೆ ಸವರಿದಳು.

“ನನ್ ಮಗ್ಳು ಚನ್ನಾಜಿ ಕೈ ಕಣವ್ವಾ ಇದು. ಎಡಚಿ ಅವ್ಳು, ಗುಳಿ ಎಲ್ಲಾ ಅತ್ಲಾಗೇ ವಾಲವೆ. ಓಗುವಾಗ ಒಂದು ಕುಡಿಕೇನೂ ಕೊಡ್ನಿಲ್ವಲ್ಲ, ಇದೆಲ್ಲಿಂದ ಬತ್ತು?”

ಎಲ್ಲಿಂದ ಅಂತ ನನಗೂ ಆಗಲೇ ಹೊಳೆದದ್ದು. ಅಪ್ಪ ಕಚೇರಿಗೆ ಹೋದ ಮೇಲೆ ನೀನು ಹಿತ್ತಿಲ ಬಾಗಿಲು ಹಾಕಿಕೊಳ್ಳುತ್ತಿದ್ದುದು, ಹಗಲೆಲ್ಲ ಬೆರಣಿಯ ಹೊಗೆ ಏಳುತ್ತಿದ್ದುದು! ಗುಮಾಸ್ತನ ಹೆಂಡತಿ ಮಣ್ಣು ಮುಟ್ಟಬಾರದು ಅಂತ ಅಪ್ಪ ಆಣೆ ಹಾಕಿಸಿದರು. ಮಣ್ಣು ಬಿಟ್ಟವಳು ನನ್ನ ಹೊಸಿಲು ತುಳಿಯಬೇಡ ಅಂತ ಅಜ್ಜಿ ಅಂದಳು. ಇಬ್ಬರ ನಡುವೆ ಸಿಕ್ಕಿ, ಹದಿನೆಂಟು ವರ್ಷ ನೀನು ಕದ್ದು ಮಡಕೆ ಮಾಡಿದೆ. ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ಅಜ್ಜಿ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. “ಮಣ್ಣು ಬುಟ್ಟಿರ್ಲಿಲ್ಲ ನನ್ ಮಗ್ಳು. ನಾನು ಸಾಯೋಕ್ ಮುಂಚೆ ಒಂದ್ಸಲ ಬರೇಳು” ಅಂದಳು.

ಶಿವರಾತ್ರಿಗೆ ಬಾ, ಅವ್ವಾ. ಅಪ್ಪನಿಗೆ ಹೆದರಿ ಕೂರಬೇಡ.

ನಿನ್ನ ಮಗಳು
ಶಿವನಂಜಮ್ಮ

ಇನ್ನೊಂದು ಮಾತು: ಹೇಳಬಾರದು ಅಂತ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ಆದರೂ ಹೇಳುತ್ತೇನೆ. ನೀನು ಚೀಲದಲ್ಲಿ ಕಟ್ಟಿಕೊಟ್ಟ ಅವರೆಕಾಳನ್ನು ಆ ಗಡಿಗೆಗೆ ಸುರಿದು, ಗಾಡಿಯಲ್ಲಿ ನನ್ನ ಮಡಿಲಿಗೆ ಇಟ್ಟವರು ಅವರೇ. “ಬರಿದು ಮಾಡಿ ಅಜ್ಜಿ ಕೈಗೇ ಕೊಡು, ಅವ್ರಿಗೆ ತಿಳೀತದೆ” ಅಂದರು.