ಹಿರಿಯರ ಮೊದಲ ತುತ್ತು

ಸೇಡಂ
೧೮ ಆಗಸ್ಟ್ ೨೦೨೪

ಚಿ. ಸೌ. ಭಾಗ್ಯಶ್ರೀಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಚಿಂಚೋಳಿಯಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಪತ್ರ ತಡವಾಯಿತೆಂದು ಸಿಟ್ಟಾಗಬೇಡ. ಅಕ್ಷರ ಸೊಟ್ಟಗಿವೆ, ಹೇಗೋ ಓದಿಕೋ. ಕೈ ನಡುಕ ಹೆಚ್ಚಾಗಿದೆ, ಬಲಗೈಯದ್ದು ಸಾಲದೆಂದು ಈಗ ಎಡಗೈಗೂ ಬಂದಿದೆ. ಕಲಬುರಗಿಯ ಡಾಕ್ಟರು, "ಗುಳಿಗಿ ತಗೊಂಡ್ರ ಕಡಿಮಿ ಆಗ್ತದ, ಪೂರಾ ಹೋಗಂಗಿಲ್ರಿ" ಎಂದು ಕೈತೊಳೆದುಕೊಂಡರು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಅಣ್ಣ ಸಂಗಮೇಶ್ವರ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾನೆ. ಇದು ಓಣಿಗೆ ಕೇಳುವ ಮಾತಲ್ಲ.

ಅವನ ಮಗಳು ದೇವಿಕಾಗೆ ಈಗ ಆರು ವರ್ಷ. ಟಿವಿ ಮುಂದೆ ಬಾಯಿ ತೆರೆದುಕೊಂಡು ಉಣ್ಣುತ್ತಿದ್ದ ಕೂಸಿಗೆ ಊಟದ ರೀತಿ ಕಲಿಸುವ ಕೆಲಸವನ್ನು ಸೊಸೆ ಉಮಾದೇವಿ ನನಗೇ ಒಪ್ಪಿಸಿದ್ದಳು. ಈಗ ನೋಡಬೇಕು ನೀನು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ನನ್ನ ಪಕ್ಕ ಕೂಡುತ್ತಾಳೆ. ಬಾಯಿ ಸಪ್ಪಳವಿಲ್ಲ. ಹಿರಿಯರು ಮೊದಲ ತುತ್ತು ತೆಗೆದುಕೊಳ್ಳುವವರೆಗೆ ತಟ್ಟೆ ಮುಟ್ಟುವುದಿಲ್ಲ. ಕಡೆಗೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾಳೆ. ಮೊದಲ ದಿನ ಮೂಗು ಮುರಿದಳು. "ಪ್ರಸಾದ ಅದವ್ವ, ಒಂದ ಅಗಳೂ ಕೆಡಬಾರ್ದು, ನೆಲಕ್ಕ ಬೀಳಬಾರ್ದು" ಎಂದು ನಾನೇ ಕುಡಿದು ತೋರಿಸಿದೆ. ನಾನು ನೌಕರಿಯಲ್ಲಿದ್ದಾಗ ಬಸ್ ಡಿಪೋದ ಡ್ರೈವರುಗಳು ಕೂಡ ಇಷ್ಟು ಬೇಗ ನನ್ನ ಮಾತು ಕೇಳಿದವರಲ್ಲ.

ಹೋದ ಭಾನುವಾರ ಉಮಾದೇವಿಯ ಅಣ್ಣ ಬಸವಲಿಂಗ ಶಹಾಬಾದಿನಿಂದ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ರೊಟ್ಟಿ, ಪುಂಡಿಪಲ್ಯ ಹೇಗೋ ಮುಗಿಯಿತು. ಅನ್ನಕ್ಕೆ ಬಂದಾಗ ಕೈ ನಡುಗಿ, ಕಲಸಿದ ತುತ್ತು ಧೋತರದ ಮೇಲೆ, ಚಾಪೆಯ ಮೇಲೆ ಬಿತ್ತು. ಎಲ್ಲರೂ ನೋಡದವರ ಹಾಗೆ ತಲೆ ತಗ್ಗಿಸಿದರು. ದೇವಿಕಾ ಮಾತ್ರ ಬಗ್ಗಿ, ಬಿದ್ದ ಅಗಳನ್ನು ಆರಿಸಿ ತನ್ನ ತಟ್ಟೆಗೆ ಹಾಕಿಕೊಂಡು, "ಅಜ್ಜಾ, ಚೆಲ್ಲಬಾರ್ದು ಅಂತ ನೀನ ಹೇಳಿದ್ದಿ" ಅಂದಳು. ಬಸವಲಿಂಗ ನಗು ತಡೆಯಲಾಗದೆ ಕೆಮ್ಮಿದ. "ಏ, ಬಾಯಿ ಮುಚ್ಕೊಂಡು ಉಣ್ಣು!" ಎಂದು ಸಂಗಮೇಶ್ವರ ಗದರಿದ. ಕೂಸು ಅತ್ತಿತು. ನನಗೆ ಭಾಳ ಕೆಡುಕೆನಿಸಿತು, ಭಾಗ್ಯಾ. ನಾನು ಕಲಿಸಿದ್ದನ್ನಲ್ಲದೆ ಅದು ಬೇರೇನು ಮಾಡಿತ್ತು?

ಅಂದು ರಾತ್ರಿ ನಾನು ಹಸಿವಿಲ್ಲವೆಂದು ಮಲಗಿದೆ. ಮರುದಿನವೂ ಒಲ್ಲೆ ಅಂದೆ. ಸಂಗಮೇಶ್ವರ ಪೇಟೆಯಿಂದ ದೊಡ್ಡ ಚಮಚ ತಂದು ನನ್ನ ತಟ್ಟೆಯ ಪಕ್ಕ ಇಟ್ಟು ಹೋದ. ದೇವಿಕಾ ತನ್ನ ತಟ್ಟೆ ಮುಂದೆ ಕೂತವಳು ಕೂತೇ ಇದ್ದಳು.

"ಉಣ್ಣವ್ವ, ಆರಿ ಹೋಗಾಕತ್ತದ" ಎಂದಳು ಉಮಾದೇವಿ.

"ಅಜ್ಜ ಇನ್ನಾ ತುತ್ತು ತಗೊಂಡಿಲ್ಲ."

ರಮಿಸಿದರು, ಬೈದರು, ಚಾಕಲೇಟ್ ಆಸೆ ತೋರಿಸಿದರು. ಬರೀ ಹಾಲು ಕುಡಿದು ಮಲಗಿತು ಕೂಸು. ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಡಬ್ಬಿ ತೆರೆಯದೆ ಮರಳಿ ಬಂತು. ಉಮಾದೇವಿ ನನ್ನ ಕೋಣೆಯ ಬಾಗಿಲಿಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. "ಮಾವಾರಿ, ಸಿಟ್ಟಿದ್ರ ನಮ್ಮ ಮ್ಯಾಲ ಇರ್ಲಿರಿ. ಕೂಸಿನ ಹೊಟ್ಟಿ ಮ್ಯಾಲ ಯಾಕ ತೀರ್ಸ್ಕೊಳ್ಳಾಕತ್ತೀರಿ?"

ಸಿಟ್ಟಿಲ್ಲವೆಂದು ಹೇಗೆ ತಿಳಿಸಿ ಹೇಳಲಿ? ಎದ್ದು ಹೋಗಿ ಕೂತೆ. ಚಮಚದಲ್ಲಿ ತೆಗೆದುಕೊಂಡ ಅನ್ನ ಅರ್ಧ ಬಾಯಿಗೆ, ಅರ್ಧ ಚಾಪೆಗೆ. ದೇವಿಕಾ ಆರಿಸಿಕೊಂಡಳು. ಈ ಸಲ ಅವಳನ್ನು ಯಾರೂ ಬೈಯಲಿಲ್ಲ. ಆಮೇಲೆ ಗಬಗಬ ಉಂಡಳು. ನಿಧಾನ ಉಣ್ಣು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ, ಚಿಂತೆ ಮಾಡಬೇಡ. ನಿಮ್ಮ ಮನೆಯಲ್ಲಿ ಅನ್ನ ಎಂದೂ ತೀರದಿರಲಿ, ಉಣ್ಣುವವರ ಕೈ ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಗುರುಲಿಂಗಯ್ಯ

ತಾ.ಕ.: ಇದಿಷ್ಟು ಹೇಳಲೆಂದೇ ಪತ್ರ ಬರೆಯಲು ಕೂತೆ, ಇಲ್ಲಿಯತನಕ ಧೈರ್ಯ ಬರಲಿಲ್ಲ. ನಾನು ಊಟ ಬಿಟ್ಟದ್ದು ಅನ್ನ ಚೆಲ್ಲಿದ ನಾಚಿಕೆಗಲ್ಲ. ಆ ಭಾನುವಾರ ಸಂಜೆ ಪೂಜೆಗೆ ಕೂತಾಗ ಎಡಗೈ ನಡುಗಿ, ಅಂಗೈಯಲ್ಲಿದ್ದ ಇಷ್ಟಲಿಂಗ ಜಾರಿ ನೆಲಕ್ಕೆ ಬಿತ್ತು. ಚಿಕ್ಕಂದಿನಲ್ಲಿ ಅಯ್ಯಾಚಾರದ ದೀಕ್ಷೆಯ ದಿನ ನಮ್ಮಪ್ಪ ಕಟ್ಟಿಸಿದ ಲಿಂಗ ಅದು. ಯಾರೂ ನೋಡಲಿಲ್ಲ. ಪ್ರಾಯಶ್ಚಿತ್ತ ಕೇಳಲು ಮಠದ ಸ್ವಾಮಿಗಳ ಮುಂದೆ ಹೋಗಿ ನಿಲ್ಲಲು ಕಾಲು ಬರುತ್ತಿಲ್ಲ. ಅಂದಿನಿಂದ ಅದನ್ನು ವಸ್ತ್ರದಲ್ಲಿ ಕಟ್ಟಿ ಕೊರಳಲ್ಲೇ ಇಟ್ಟುಕೊಂಡಿದ್ದೇನೆ, ಅಂಗೈಗೆ ತೆಗೆದಿಲ್ಲ. ಶ್ರಾವಣ ಮುಗಿಯುವುದರೊಳಗೆ ಬಾ, ತಾಯಿ. ನನ್ನ ಕೈ ಕೆಳಗೆ ನಿನ್ನ ಕೈ ಹಿಡಿದರೆ ಒಮ್ಮೆಯಾದರೂ ಪೂಜೆ ಮಾಡಿಯೇನು. ಪೂಜೆಯಾಗದೆ ನಾನು ಹನಿ ನೀರೂ ಬಾಯಿಗೆ ಹಾಕಿದವನಲ್ಲ, ನಿನಗೆ ಗೊತ್ತು. ದೇವಿಕಾಗೂ ಗೊತ್ತು. ದಿನವೂ ತಟ್ಟೆ ಮುಂದೆ ಕೂತು, ಕೈ ಕಟ್ಟಿಕೊಂಡು, "ಅಜ್ಜಾ, ಪೂಜಾ ಆತೇನು?" ಎಂದು ಕೇಳುತ್ತಾಳೆ. "ಆತವ್ವ" ಎಂದು ಹೇಳಿ ಮೊದಲ ತುತ್ತು ಬಾಯಿಗಿಡುತ್ತೇನೆ.