ಬಾಗಲದಾಗ ನಿಂದ್ರಬ್ಯಾಡ್ರಿ, ಒಳಗ ಸರೀರಿ

ಜಾಲಿಕೊಪ್ಪ, ಲಕ್ಷ್ಮೇಶ್ವರದ ಹತ್ತರ
ತಾ. 11 ಫೆಬ್ರುವರಿ 2025

ನನ್ನ ಸುಗ್ರಾ,

ನಿನಗೂ, ಹಾಸಿಗಿ ಹಿಡದ ನಿಮ್ಮ ಮನಿಯವರು ಕರೀಮಸಾಬಣ್ಣಗೂ ನಿನ್ನ ಗೆಳತಿ ಅಮೃತವ್ವನ ಸಲಾಮು. ನಿನ್ನೆ ಫೋನಿನ್ಯಾಗ ನೀ ಅತ್ತಿ, ನೀ ಅಳೂದು ಕೇಳಿ ನಾನೂ ಅತ್ತೆ, ಅಷ್ಟರಾಗ ಚಾರ್ಜು ಮುಗೀತು. ಹೇಳಬೇಕಾದ ಮಾತು ಹಂಗ ಉಳೀತು. ಅದಕ್ಕ ಬರದು ಕಳಸಾಕತ್ತೇನಿ. ಮೊದಲು ಪೂರಾ ಓದು, ಆಮ್ಯಾಲೆ ಬೇಕಾದ್ರ ಅಳು.

ಅಣ್ಣಗ ಲಕ್ವಾ ಹೊಡದ ಮ್ಯಾಲೆ ದವಾಖಾನಿಯಿಂದ ಮನಿಗೆ ತಂದು ಮಲಗಿಸೇವಿ, ಇನ್ನ ಮ್ಯಾಲಿನವನ ಇಚ್ಛಾ ಅಂದಿ. ಸುಗ್ರಾ, ಮ್ಯಾಲಿನವಗ ಬಾಳ ಕೆಲಸ ಇರ್ತಾವು. ಕೈಕಾಲು ಆಡಸೂದನ್ನ ನಾವ ನೋಡಕೋಬೇಕು. ನಮ್ಮ ಮನ್ಯಾಗ ಏನೇನಾತು ಕೇಳು.

ಹೋದ ಶ್ರಾವಣದಾಗ ಒಂದಿನ ಮುಂಜಾನಿ ನಮ್ಮ ಮನಿಯವರು ಚಾ ಕುಡಿಯೂ ಮುಂದ ಚಾ ಎಲ್ಲಾ ಅಂಗಿ ಮ್ಯಾಲೆ ಸುರೀತು. ನಾ ಬೈದೆ. ತಿರುಗಿ ಬೈಲಿಲ್ಲ. ಜನ್ಮ ಎಲ್ಲಾ ಬಸ್ಸಿನ್ಯಾಗ ಕಂಡಕ್ಟರಿಕಿ ಮಾಡಿದ ತಿರಕಪ್ಪ ಒಂದು ಮಾತು ಕೇಳಿ ಸುಮ್ಮನಿರ್ತಾರಂದ್ರ ಏನೋ ಕೆಟ್ಟೈತಿ ಅಂತ ಹೊಳ್ಳಿ ನೋಡಿದೆ. ಬಾಯಿ ಸೊಟ್ಟ, ಬಲಗೈ ಜೋತುಬಿದ್ದಿತ್ತು. ನಮ್ಮ ನಾದಿನಿ ಬನಶಂಕರೆವ್ವ ಓಡಿ ಬಂದು, ಪಾರಿವಾಳದ ರಕ್ತ ಹಚ್ಚಿದ್ರ ಇಳೀತೈತಿ, ಯಾರೂ ಎಲ್ಲೂ ಹೋಗಬ್ಯಾಡ್ರಿ, ಈಗ ತಂದೆ ಅಂತ ಹೋದಳು. ಸೊಸಿ ವಿದ್ಯಾಶ್ರೀ ಒಬ್ಬರನ್ನೂ ಕೇಳಲಿಲ್ಲ, ನೂರಾ ಎಂಟಕ್ಕ ಫೋನ್ ಮಾಡಿದಳು. ನಾದಿನಿ ಪಾರಿವಾಳ ಉಡ್ಯಾಗ ಕಟಗೊಂಡು ಬರೂದ್ರಾಗ ನಾವು ಆಗಲೇ ಗದಗದ ದಾರ್ಯಾಗ ಇದ್ವಿ. ಕೀಲಿ ಹಾಕಿದ ಮನಿ ನೋಡಿ ಆಕಿ ಹಣಿ ಹಣಿ ಬಡಕೊಂಡಳಂತ, ಉಡಿ ಸಡಲಾಗಿ ಪಾರಿವಾಳ ಹಾರಿ ಹೋತಂತ. ಅವತ್ತು ಎರಡು ಜೀವ ಉಳದುವು. ಹೊತ್ತು ಮಾಡದ ತಂದ್ರಿ, ಅದಕ್ಕ ಬದುಕಿದ್ರು ಅಂತ ಡಾಕ್ಟರು ಸೊಸಿಗೆ ಹೇಳಿದ್ರು.

ಜೀವ ಉಳೀತು, ಮಾತು ಹೋತು. ಪೂರಾ ಹೋಗಿದ್ರ ಬ್ಯಾರೆ, ಕಂಡಕ್ಟರಿಕಿ ಮಾತಷ್ಟ ಉಳದುವು. ನೀರು ಬೇಕಂದ್ರ "ರೈಟ್ ರೈಟ್". ಊಟ ಸಾಕಂದ್ರ "ಹೋಲ್ಡಾನ್". ನಮ್ಮ ಓಣಿ ಹಿರಿಯರು ಬಸಲಿಂಗಯ್ಯನವರು ಮಾತಾಡಸಾಕ ಬಂದು ತಲಿ ಮ್ಯಾಲೆ ಕೈ ಇಟ್ಟು ಕಣ್ಣು ಮುಚ್ಚಿದ್ರು. ಇವರು ಅವರ ಮುಖ ನೋಡಿ "ಚಿಲ್ಲರಿ ಇದ್ರಷ್ಟ ಹತ್ರಿ" ಅಂದುಬಿಟ್ರು! ಅಜ್ಜಾರು ಚಾ ಸೈತ ಕುಡೀದ ಎದ್ದು ಹೋದ್ರು. ತಿರಕಪ್ಪನ ತಲಿ ಕೆಟ್ಟೈತಿ ಅಂತ ಊರಾಗ ಸುದ್ದಿ ಆತು. ಬಂದವರೆಲ್ಲಾ ಅವಲಕ್ಕಿ ತಿನಕೋತ, ಲಕ್ವಾ ಹೊಡದು ಯಾರ್ಯಾರು ಹೆಂಗ ಹೆಂಗ ಸತ್ರು ಅನ್ನೂದನ್ನ ಇವರ ಮುಂದ ಕುಂತು ಹೇಳಿ ಹೋಗ್ತಿದ್ರು.

ಗದಗದಾಗ ಮಾತು ಕಲಸೂ ಅಂಕಿತಾ ಮೇಡಂ ಅಂತ ಒಬ್ಬರು ಅದಾರ. ಇವರನ್ನ ಕೂಡಿಸಿಕೊಂಡು ಚಿತ್ರ ತೋರಿಸಿದ್ರು, ಏನೇನೋ ಕೇಳಿದ್ರು. ಆಮ್ಯಾಲೆ ನನ್ನ ಕಡಿಗೆ ತಿರುಗಿ, ಇವರಿಗೆ ಎಲ್ಲಾ ತಿಳೀತೈತ್ರಿ, ತಿಳದದ್ದು ಬಾಯಿಗೆ ಬರೂ ದಾರಿ ಅಷ್ಟ ಕೆಟ್ಟೈತಿ, ದಿನಾ ಆಡಿ ರೂಢಿ ಆದ ಮಾತು ತಾವ ಹೊರಗ ಬೀಳ್ತಾವು ಅಂದ್ರು. ಎಲ್ಲಾ ತಿಳೀತೈತಿ ಅಂದಕೂಡ್ಲೆ ನನಗ ಅವಲಕ್ಕಿ ತಿಂದು ಹೋದ ಮಂದಿ ನೆನಪಾದ್ರು. ಹಂಗಾದ್ರ ಆ ಸಾವಿನ ಕಥಿ ಎಲ್ಲಾ ಇವರು ಕೇಳ್ಯಾರ. ಮುಖ ನೋಡಿದೆ, ಕಣ್ಣಾಗ ನೀರು ಇಳ್ಯಾಕತ್ತಿತ್ತು. ಅವತ್ತಿಂದ ಮಂದಿಗೆ ಅವಲಕ್ಕಿ ಬಂದ್ ಮಾಡಿದೆ.

ಮೇಡಂ ಇನ್ನೊಂದು ಮಾತು ಹೇಳಿದ್ರು. ಅವರ ಬದಲಿ ನೀವು ಮಾತಾಡಬ್ಯಾಡ್ರಿ, ಅವರ ಬಾಯಾಗ ಬರೂತನಕ ಕಾಯ್ರಿ ಅಂತ. ಸುಗ್ರಾ, ನಾನು! ಸುಮ್ಮನ ಕುಂತು ಕಾಯೂದು! ಅದಕ್ಕಿಂತ ಸೂಜಿ ಚುಚ್ಚಿದ್ರ ಚಲೋ ಇತ್ತು.

ಮೊದಲಿನ ತಿಂಗಳುಗಳಾಗ ಕೈಕಾಲಿಗೆ ಎಷ್ಟು ಕಸರತ್ತು ಮಾಡಸ್ತೀರೋ ಅಷ್ಟು ಚಲೋ ಅಂತ ಡಾಕ್ಟರು ಅಂದ್ರು. ಆದ್ರ ದಿನಾ ಗದಗಿಗೆ ಹೋಗೂದು ಹೆಂಗ? ಜನ್ಮ ಎಲ್ಲಾ ಹತ್ತಿ ಇಳದ ಬಸ್ಸಿನ ಮೆಟ್ಟಿಲು ಇವರಿಗೆ ಗುಡ್ಡ ಆಗಿತ್ತು. ಹತ್ತರ ಒಂದು ಸರಕಾರಿ ದವಾಖಾನಿ ಐತಿ. ಹೆಸರು ಬರಿಯೂದಿಲ್ಲ, ನಾಳೆ ನೆಗಡಿ ಬಂದ್ರ ನಾನೂ ಅಲ್ಲೇ ಹೋಗಬೇಕು. ಅಲ್ಲಿ ಕಸರತ್ತಿನ ಕೋಣಿ ಐತಿ, ಮ್ಯಾಲೆ ಬೋರ್ಡು ಐತಿ, ಬಾಗಲಕ್ಕ ಕೀಲಿ ಐತಿ. ಕಲಸೂ ಡಾಕ್ಟರು ಇಲ್ಲ. ಕೇಳಿದ್ರ ಆ ಟೇಬಲ್ಲಿಗೆ ಹೋಗ್ರಿ, ಈ ಟೇಬಲ್ಲಿಗೆ ಹೋಗ್ರಿ. ನಾ ಸುಮ್ಮನ ಕುಂಡ್ರಲಿಲ್ಲ. ಸುತ್ತಲ ಹಳ್ಳ್ಯಾಗ ಲಕ್ವಾ ಹೊಡದವರ ಮನಿ ಹುಡುಕಿಕೊಂಡು ಹೋದೆ. ಬರೇ ಮುದುಕರ ರೋಗ ಅಂತ ತಿಳಕೋಬ್ಯಾಡ. ಹರೇದ ಮನಷ್ಯಾ, ಟ್ರ್ಯಾಕ್ಟರ್ ಹೊಡಿಯೂ ನಂದೀಶಗೂ ಆಗಿತ್ತು, ಅವನ್ನ ಒಳಕೋಣ್ಯಾಗ ಮಲಗಿಸಿ ಬಾಗಲಾ ಹಾಕಿಬಿಟ್ಟಿದ್ರು. ಎಲ್ಲಾರನ್ನೂ ಎಬ್ಬಿಸಿದೆ.

ಸಂಕ್ರಾಂತಿಗಿಂತ ಮೊದಲು ಆ ದವಾಖಾನ್ಯಾಗ ಮಂದಿ ಅಹವಾಲು ಕೇಳೂ ಸಭಾ ಆತು. ಮೈಸೂರ ಕಡಿಯ ದೊಡ್ಡ ಸಾಹೇಬರು ಬಂದಿದ್ರು. ನಾವೆಲ್ಲಾ ಊರೂ ಬಡಿಗಿ, ತಳ್ಳೂ ಕುರ್ಚಿ ಸಮೇತ ಹೋಗಿ ಮುಂದಿನ ಸಾಲಿನ್ಯಾಗ ಕುಂತ್ವಿ. ವಿದ್ಯಾಶ್ರೀ ಅಪ್ಪ ಸಂಗಪ್ಪನವರು ನಮ್ಮ ಮನಿಯವರ ರಟ್ಟಿ ಹಿಡಕೊಂಡು ಬಂದು, ಕೂಡಿಸಿ, ತಾವು ಬಾಗಲ ಕಡಿ ಹೋಗಿ ನಿಂತ್ರು. ನಾ ಎದ್ದು ಕೋಣಿ ಸುದ್ದಿ ಹೇಳಿದೆ. ಸಾಹೇಬರು ಪರಿಶೀಲಿಸಲಾಗುವುದು ಅಂದ್ರು. ಯಾವಾಗ ಅಂದೆ. ಶೀಘ್ರದಲ್ಲೇ ಅಂದ್ರು. ಅಷ್ಟರಾಗ ನಮ್ಮ ಮನಿಯವರು ಕುರ್ಚ್ಯಾಗ ಆ ಕಡಿ ಈ ಕಡಿ ಮಿಸುಕ್ಯಾಡಿ, ಬಡಿಗಿ ಊರಿ ಎದ್ದು ನಿಂತವರ ಒದರಿದ್ರು ನೋಡು:

"ಬಾಗಲದಾಗ ನಿಂದ್ರಬ್ಯಾಡ್ರಿ! ಒಳಗ ಸರೀರಿ!"

ಬಾಗಲದಾಗ ನಿಂತ ಮಂದಿ ಖರೇನ ಒಳಗ ಸರದ್ರು, ರೂಢಿ! ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಸಾಹೇಬರು ಮುಖ ಕೆಂಪಗ ಮಾಡಿ ಯಾರ್ರೀ ಅದು ಅಂದ್ರು. ನಾ ಬಾಯಿ ತಗದೆ, ಅಷ್ಟರಾಗ ಮೇಡಂ ಹೇಳಿದ್ದು ನೆನಪಾಗಿ ಮುಚ್ಚಿದೆ. ಕಾದೆ. ಇವರ ಕುತಗಿ ನರ ಉಬ್ಬಿದುವು, ಹಣಿ ಮ್ಯಾಲೆ ಬೆವರು ಬಂತು.

"ಬೀ… ಬೀಗ… ಬೀಗ!"

ಲಕ್ವಾ ಹೊಡದ ಮ್ಯಾಲೆ ಬಂದ ಮೊದಲನೇ ಹೊಸಾ ಮಾತು, ಸುಗ್ರಾ! ಕಂಡಕ್ಟರಿಕಿದಲ್ಲ, ಅವರದ ಸ್ವಂತದ್ದು. ಬೀಗವಾ, ಯಾವ ಬೀಗ ಅಂದ್ರು ಸಾಹೇಬರು. ಆ ಕೋಣಿದ್ರಿ ಸಾಹೇಬ್ರ, ಮಾತು ಬರದ ಮನಷ್ಯಾನೂ ಅದನ್ನ ಕೇಳಾಕತ್ತಾನ್ರಿ ಅಂತ ಅಳಕೋತ ಒದರಿದೆ. ಸಾಹೇಬರು ಎದ್ದು, ಬನ್ನಿ ನೋಡೋಣ ಅಂದ್ರು. ಕೀಲಿಕೈ ಕೇಳಿದ್ರ ಕ್ಲಾರ್ಕು ನರ್ಸಿನ ಕಡಿ ಐತಿ ಅಂದ, ನರ್ಸು ಜವಾನನ ಕಡಿ ಐತಿ ಅಂದಳು, ಜವಾನ ರಿಟೈರ್ ಆಗಿದ್ದ. ಕಡೀಕ ಕಲ್ಲಿಲೆ ಜಜ್ಜಿ ತಗದ್ರು. ಒಳಗ ಮುರದ ಕುರ್ಚಿ, ಕೆಟ್ಟ ಫ್ಯಾನು, ಅದರ ಹಿಂದ ಹಿಡಕೊಂಡು ನಡಿಯೂ ಜೋಡಿ ಸರಳು ಹೊಸಾವು, ಪ್ಲಾಸ್ಟಿಕ್ ಸೈತ ಬಿಚ್ಚಿದ್ದಿಲ್ಲ. ಸಾಹೇಬರು ಒಬ್ಬೊಬ್ಬರ ಮುಖಾ ನೋಡಿದ್ರು, ಅಲ್ಲೇ ನಿಂತು ಗದಗಿಗೆ ಫೋನ್ ಹಚ್ಚಿದ್ರು. ಹೊಳ್ಳಿ ನೋಡಿದ್ರ ಇವರು ನನ್ನ ಬಾಜೂಕ ಇಲ್ಲ. ಹೊಗಳಿಸಿಕೊಳ್ಳೂದು ಇವರಿಗೆ ಮೊದಲಿಂದ ಸೇರೂದಿಲ್ಲ ಅಂದುಕೊಂಡೆ.

ಈಗ ಮಂಗಳವಾರ, ಶುಕ್ರವಾರ ಗದಗಿನಿಂದ ಕಸರತ್ತಿನ ಡಾಕ್ಟರು ಬರ್ತಾರ. ದಿನಾ ಬರಬೇಕು ಅಂತ ನಮ್ಮ ಜಗಳ ಇನ್ನೂ ನಡದೈತಿ. ಅಂಕಿತಾ ಮೇಡಂ ಫೋನಿನ್ಯಾಗ ಮುಖ ನೋಡಿ ಮಾತು ಕಲಸ್ತಾರ. ಎಲ್ಲಾ ಚಲೋ ಆತು ಅಂತ ಸುಳ್ಳು ಹೇಳೂದಿಲ್ಲ. ಬಲಗೈ ಇನ್ನೂ ತುತ್ತು ಎತ್ತೂದಿಲ್ಲ. ಆದ್ರ ಬಡಿಗಿ ಹಿಡದು ಓಣಿ ಕಟ್ಟಿತನಕ ಹೋಗ್ತಾರ. ಮೊನ್ನೆ ನಾ ಮಾಡಿದ ಪಲ್ಯಾ ತಿಂದು "ಉಪ್ಪು ಇಲ್ಲ" ಅಂದ್ರು. ನಾ ಎಷ್ಟು ಖುಷಿ ಆದೆ ಅಂದ್ರ ಉಪ್ಪು ಕೊಡೂದ ಮರತೆ. ನಂದೀಶ ಒಳಕೋಣಿ ಬಿಟ್ಟು ಹೊರಗ ಕುಂಡ್ರಾಕತ್ತಾನ.

ಅದಕ್ಕ ಈ ಕಾಗದ ಮುಟ್ಟಿದ ಮ್ಯಾಲೆ ಬರೂ ಗುರುವಾರ ಅಣ್ಣನ್ನ ಕರಕೊಂಡು ಬಾ. ನಮ್ಮ ಮನ್ಯಾಗ ಇರ್ರಿ, ಶುಕ್ರವಾರ ನಾನ ಕರಕೊಂಡು ಹೋಗ್ತೇನಿ. ನಿಮ್ಮ ಮುಂಡರಗಿ ಕಡೀನೂ ಇಂಥಾ ಕೋಣಿ ಬೇಕು ಅಂತ ಆಮ್ಯಾಲೆ ಇಬ್ಬರೂ ಕೂಡಿ ಸಾಹೇಬರಿಗೆ ಗಂಟು ಬೀಳೂಣು. ಅಲ್ಲೀತನಕ ಅಣ್ಣನ್ನ ದಿನಾ ಎಬ್ಬಿಸಿ ಕೂಡಿಸು. ಅವರು ಏನರೆ ಹೇಳಾಕ ಹೊಂಟ್ರ ನೀ ನಡುವ ಬಾಯಿ ಹಾಕಬ್ಯಾಡ. ನಿನ್ನ ಬಿ.ಪಿ.ನೂ ತೋರಿಸಿಕೋ, ಅಳೂದ್ರಾಗ ಅದನ್ನ ಮರೀಬ್ಯಾಡ.

ದಾರಿ ನೋಡಾಕತ್ತ
ನಿನ್ನ ಅಮೃತವ್ವ

ತಾ.ಕ.: ಇದನ್ನ ಓದಿ ಯಾರಿಗೂ ಹೇಳಬ್ಯಾಡ. ನಿನ್ನೆ ಇವರು ಕಷ್ಟಪಟ್ಟು ಒಂದೊಂದ ಮಾತು ಜೋಡಿಸಿ ಹೇಳಿದ್ರು. ಅವತ್ತು ಸಭಾದಾಗ ಇವರಿಗೆ ಅವಸರಾಗಿ ಒಂದಕ್ಕ ಹೋಗಬೇಕಾಗಿತ್ತಂತ. ಬಾಗಲ ತುಂಬ ಮಂದಿ. ಅದಕ್ಕ ಮೊದಲು ಒಳಗ ಸರೀರಿ ಅಂದ್ರು, ಆಮ್ಯಾಲೆ ಕೈ ಹಿಡಕೊಂಡು ಹೋಗಾಕ ಸಂಗಪ್ಪನವರನ್ನ ಕರದ್ರು: "ಬೀಗರ" ಅಂತ! ನಮ್ಮ ಮನ್ಯಾಗ ಕೀಲಿಗೆ ಯಾರು ಬೀಗ ಅಂತಾರ, ಸುಗ್ರಾ? ಅವತ್ತ ನನಗ ಹೊಳೀಬೇಕಿತ್ತು. ಇರಲಿ ಬಿಡು. ಕೋಣಿ ತಗದೈತಿ, ಇನ್ನ ಮುಚ್ಚಾಕ ಬರೂದಿಲ್ಲ.