ಬರಿಗೈಯ ತೂಕ

ಮಾರ್ಚ್ 4, ಬುಧವಾರ
ಮತ್ತೆ ಅದೇ ಸುಕ್ಕು. ಕಾರ್ಬನ್ ಬಟ್ಟೆಯ ಪದರಗಳನ್ನು ಬಿಸಿ ಅಚ್ಚಿನಲ್ಲಿ ಒತ್ತಿದಾಗ ಹಿಮ್ಮಡಿಯ ಬಾಗಿನಲ್ಲಿ ಎಳೆಗಳು ಮಡಚಿಕೊಳ್ಳುತ್ತವೆ. ಕೃತಕ ಪಾದ ಸೋಲುವುದು ಅಲ್ಲೇ. ಎಷ್ಟು ಹೆಜ್ಜೆಗೆ ಪಾದ ಮುರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಫಟೀಗ್ ಮಾಡೆಲ್ಲನ್ನು ಸುಕ್ಕನ್ನೂ ಸೇರಿಸಿ ಓಡಿಸಿದೆ. ಇಪ್ಪತ್ತು ಲಕ್ಷ ಹೆಜ್ಜೆ ದಾಟಿತು. ಪಾಸ್.

ಮಧ್ಯಾಹ್ನ ಟ್ರಯಲ್‌ಗೆ ಒಬ್ಬಳು ಬಂದಳು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವಳು. ಲಾರಿ ಹರಿದು ಎಡಗಾಲು ಹೋಗಿದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿ ನಾನೇ ಫಾರ್ಮ್ ತುಂಬಿದೆ: 58 ಕಿಲೋ. ಪಾದ ಕಟ್ಟಿಕೊಂಡು ಕಾರಿಡಾರ್ ಉದ್ದಕ್ಕೂ ನಡೆದಳು. "ನನ್ನ ಗಂಡ ಗುರುತು ಹಿಡೀತಾನೋ ಇಲ್ವೋ!" ಎಂದು ನಕ್ಕಳು. ಆಮೇಲೆ ಕೇಳಿದಳು, "ಕೆಲಸಕ್ಕೆ ಹೋಗ್ಬಹುದಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಬಾಸ್: "ಧಾರಾಳವಾಗಿ ಹೋಗಮ್ಮ. ಇಪ್ಪತ್ತು ಲಕ್ಷ ಹೆಜ್ಜೆ!"

ನಾನೂ ತಲೆಯಾಡಿಸಿದೆ.

ಮಾರ್ಚ್ 5
ಕ್ಯಾಂಟೀನ್. ಎದುರಿನ ಕುರ್ಚಿ ಇವತ್ತೂ ಖಾಲಿ. ಇಲ್ಲಿ ಕೆಲಸಕ್ಕೆ ಸೇರಿ ಏಳು ವರ್ಷವಾಯಿತು, ಜೊತೆಗೆ ಕೂತು ಉಣ್ಣುವವರಿಲ್ಲ.

ಮಾರ್ಚ್ 11
ಮಾರ್ಕೆಟ್ಟಿನ ಮುಂದೆ ಬಸ್ಸಿನ ಕಿಟಕಿಯಿಂದ ಅವಳು ಕಂಡಳು. ತಲೆಯ ಮೇಲೆ ಐವತ್ತು ಕಿಲೋ ಮೂಟೆ!

ಬರಿಗೈಯಲ್ಲಿ ನಿಲ್ಲಿಸಿ ತೂಗಿದ್ದೇನೆ. ಥೂ! ಅವ್ವ ಹೊತ್ತ ಬುಟ್ಟಿಗಳಿಂದಲೇ ಓದಿ ಇಂಜಿನಿಯರ್ ಆದವಳು ನಾನು. ನನ್ನ ಫಾರ್ಮಿನಲ್ಲೇ ಹೊರೆಗೆ ಕಾಲಂ ಇಲ್ಲ. ನಮ್ಮ ಮಾಡೆಲ್ಲಿನೊಳಗಿನ ಮನುಷ್ಯ ಯಾರ ಮನೆಯವನು? ನುಣುಪು ನೆಲದ ಮೇಲೆ ಕೈ ಬೀಸಿಕೊಂಡು ವಾಕಿಂಗ್ ಹೋಗುತ್ತಾನೆ. ದುಡಿದು ತಿನ್ನುವ ಹೊಟ್ಟೆಯೇ ಅವನಿಗಿಲ್ಲ.

ಹೊರೆ ಸೇರಿಸಿ ಓಡಿಸಿದೆ. ನಲವತ್ತು ಸಾವಿರ ಹೆಜ್ಜೆ, ಅಷ್ಟೇ. ಆ ಕಾಲಿಗೆ ದಿನಕ್ಕೆ ಮೂರು ಸಾವಿರ ಎಂದರೂ ಹದಿಮೂರು ದಿನ. ಆಗಲೇ ಏಳು ಕಳೆದಿವೆ.

ಮಾರ್ಚ್ 12
ಬಾಸ್: "ಹೊರೆ ಹೊತ್ತರೆ ನಮ್ಮ ಜವಾಬ್ದಾರಿ ಅಲ್ಲ ಅಂತ ಒಂದು ಸಾಲು ಹಾಕಿ. ಮುಗೀತು."

"ಅವಳಿಗೆ ಓದೋಕೆ ಬರಲ್ಲ ಸಾರ್."

"ಅದಕ್ಕೆ ನಾನೇನು ಶಾಲೆ ತೆಗೀಲಾ? ನಿಮ್ಮದು ಕಂಪ್ಯೂಟರ್ ಒಳಗಿನ ಲೆಕ್ಕ. ಮುರಿದು ತೋರಿಸಿ."

ತೋರಿಸುತ್ತೇನೆ.

ಮಾರ್ಚ್ 13, ಬೆಳಿಗ್ಗೆ 7
ಅದೇ ಅಚ್ಚಿನ ಇನ್ನೊಂದು ಪಾದವನ್ನು ಯಂತ್ರಕ್ಕೆ ಕಟ್ಟಿದೆ. ಹೊರೆಯ ಭಾರ ಹಾಕಿದೆ. ಸೆಕೆಂಡಿಗೊಂದು ಹೆಜ್ಜೆ. ಟಪ್... ಟಪ್... ಪಕ್ಕದಲ್ಲಿ ಯಾರೂ ಇಲ್ಲ. ನನ್ನ ಲೆಕ್ಕ ಸುಳ್ಳಾಗಲಿ ಎಂದು ಮೊದಲ ಸಲ ಬೇಡಿಕೊಳ್ಳುತ್ತಿದ್ದೇನೆ.

ಸಂಜೆ 5.40
38,412. ಹಿಮ್ಮಡಿ ಸೀಳಿತು.

ಬಾಸ್ ಬಂದು ನೋಡಿದರು. "ಸೋಮವಾರ ಮಾತಾಡೋಣ."

ಮಾರ್ಚ್ 14
ವಿಳಾಸ ಹುಡುಕಿಕೊಂಡು ಅವಳ ಮನೆಗೆ ಹೋದೆ. ಒಂದೇ ಕೋಣೆ. "ಅಯ್ಯೋ, ಮೇಡಂ!" ಎಂದು ಚಾಪೆ ಕೊಡವಿ ಹಾಸಿದಳು. ಎಲ್ಲ ಹೇಳಿದೆ.

"ಆ ಪಾದ ಬಿಚ್ಚಿ ಕೊಡಕ್ಕ. ಮೂಟೆ ಹೊತ್ತಾಗ ಮುರಿದರೆ ಕುತ್ತಿಗೆ ಉಳಿಯಲ್ಲ."

ಅವಳ ಮುಖದ ನಗು ಹೋಯಿತು. "ಅವತ್ತು ತಲೆ ಆಡಿಸಿದ್ದು ನೀನೇ ಅಲ್ವೇನೆ?"

"ನಾನೇ."

ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಇನ್ನೂ ಬೆಚ್ಚಗಿತ್ತು. "ತಗೊ. ನಾಳೆ ಯಾವ ಕಾಲಲ್ಲಿ ದುಡಿಯೋಕೆ ಹೋಗ್ಲಿ? ಅದನ್ನೂ ನಿನ್ನ ಕಂಪ್ಯೂಟರ್ ಹತ್ರ ಕೇಳ್ಕೊಂಡು ಬಾ."

ಗೋಡೆ ಹಿಡಿದು ಕುಪ್ಪಳಿಸುತ್ತ ಬಾಗಿಲಿಗೆ ಬಂದಳು. ಕೈ ಚಾಚಿದೆ. ಹಿಡಿಯಲಿಲ್ಲ.

ಸೋಮವಾರ ಈ ಪಾದವನ್ನು ಬಾಸ್ ಮೇಜಿನ ಮೇಲಿಡುತ್ತೇನೆ. ಹೊರೆ ತಾಳುವ ಹಿಮ್ಮಡಿ ಮಾಡುವವರೆಗೆ ಯಾವ ಕಾಗದಕ್ಕೂ ಸಹಿ ಇಲ್ಲ ಎನ್ನುತ್ತೇನೆ. ಎನ್ನಲೇಬೇಕು. ಹೊಸ ಅಚ್ಚಿಗೆ ಎರಡು ತಿಂಗಳಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಅವಳು—